5 ಕೋಟಿ ಟನ್ನಿನ ಗೆರೆ

ಹುಬ್ಬಳ್ಳಿಯಿಂದ ಗೋವಾದ ವಾಸ್ಕೊಗೆ ಬಂದು, ಬಂದರಿನಲ್ಲಿ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯಲು ಕುಳಿತು, ಇಪ್ಪತ್ತು ವರ್ಷ ದಾಟಿತು. ಆ ಮೊದಲ ವರ್ಷಗಳಲ್ಲಿ ಜುವಾರಿ ನದಿಯಲ್ಲಿ ಅದಿರು ತುಂಬಿದ ಬಾರ್ಜುಗಳು ಒಂದರ ಹಿಂದೊಂದು ಬರುತ್ತಿದ್ದವು. 2010-11ರಲ್ಲಿ ಮರ್ಮಗೋವಾ ಬಂದರು ನಿರ್ವಹಿಸಿದ ಸರಕು ಸುಮಾರು 5 ಕೋಟಿ ಟನ್. ಅದರ ಬಹುಪಾಲು ಕಬ್ಬಿಣದ ಅದಿರು. ಅಂದು ಹಿಂದಿನ ಹತ್ತು ವರ್ಷಗಳ ಅಂಕಿಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದಿದ್ದರೆ ಅದು ಮೇಲಕ್ಕೇ ಹೋಗುತ್ತಿತ್ತು. 2013-14ರ ಹೊತ್ತಿಗೆ ಬಂದರಿನ ಸರಕು 1.2 ಕೋಟಿ ಟನ್ನಿನ ಆಸುಪಾಸಿಗೆ ಇಳಿದಿತ್ತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸರಕು ಸಾಗೀತು ಎಂದು ಅಂದಾಜಿಸಿ ಅದರ ಮೇಲೆ ಬರ್ತು (ಹಡಗು ನಿಲ್ಲುವ ಕಟ್ಟೆ), ಹಳಿ, ರಸ್ತೆಗಳನ್ನು ಕಟ್ಟುವ ಕ್ರಮದ ಬಗ್ಗೆ ನನಗಿರುವ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಸಾಮಾನ್ಯವಾಗಿ ಬಳಸುವ ಸುಲಭದ ದಾರಿಗಳು ಎರಡು: ಹಳೆಯ ಬೆಳವಣಿಗೆಯನ್ನೇ ಮುಂದಕ್ಕೆ ಎಳೆಯುವುದು, ಇಲ್ಲವೇ ದೇಶದ ಜಿಡಿಪಿ ಶೇಕಡಾ ಇಷ್ಟು ಬೆಳೆದರೆ ಸರಕು ಇಷ್ಟು ಬೆಳೆಯುತ್ತದೆ ಎಂಬ ಅನುಪಾತವನ್ನು ಹಿಡಿಯುವುದು. ಸಾವಿರಾರು ಬಗೆಯ ಸಾಮಾನು ಕಂಟೇನರುಗಳಲ್ಲಿ ಬಂದುಹೋಗುವ ನವಿ ಮುಂಬಯಿಯ ನ್ಹಾವಾ ಶೇವಾದಂಥ ಬಂದರಿಗೆ ಈ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ, ಏಕೆಂದರೆ ಅಲ್ಲಿ ಒಂದು ಸರಕು ಕುಸಿದರೆ ಇನ್ನೊಂದು ಏರಿ ಸರಿದೂಗಿಸಬಹುದು. ಒಂದೆರಡು ಸರಕುಗಳನ್ನೇ ನಂಬಿರುವ ಬಂದರಿಗೆ ಆ ಅನುಕೂಲ ಇಲ್ಲ.

ಸಾಗಣೆಯನ್ನು ಸಾಗಣೆಗಾಗಿಯೇ ಬಯಸುವವರು ಯಾರೂ ಇಲ್ಲ. ಎಲ್ಲೋ ಒಂದು ಕುಲುಮೆ ಉರಿಯುತ್ತದೆ ಎಂಬ ಕಾರಣಕ್ಕೆ ಇಲ್ಲಿ ಲಾರಿ ಓಡುತ್ತದೆ. ಗೋವಾದ ಅದಿರು ಕೆಳದರ್ಜೆಯದು, ಅದನ್ನು ಕೊಳ್ಳುತ್ತಿದ್ದವರು ಮುಖ್ಯವಾಗಿ ಚೀನಾದ ಉಕ್ಕಿನ ಕಾರ್ಖಾನೆಗಳು. ಗಣಿಗಾರಿಕೆಯನ್ನು 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತಡೆಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ನಿಲ್ಲಿಸಲು ಆದೇಶಿಸಿತು. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಡನೆ ಅನುಮತಿ ಸಿಕ್ಕಿತು, 2018ರಲ್ಲಿ 88 ಗುತ್ತಿಗೆಗಳು ರದ್ದಾದವು. ಗಣಿಗಾರಿಕೆಯ ಅಕ್ರಮಗಳು ಅಂದು ಬೀದಿಬೀದಿಯಲ್ಲಿ ಚರ್ಚೆಯಾಗುತ್ತಿದ್ದರೂ ಕಾನೂನಿನ ಕುತ್ತು ಅಂದಾಜಿನ ಕೋಷ್ಟಕದೊಳಗೆ ಒಂದು ಸಾಲಾಗಿ ಬರಬೇಕೆಂದು ನಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಕಡೆಯವರೇ ಒಬ್ಬರು ಸಾವರ್ಡೆಯಲ್ಲಿ ಸಾಲ ಮಾಡಿ ಎರಡು ಟಿಪ್ಪರ್ ಕೊಂಡಿದ್ದರು. ಅದೂ ಒಂದು ಮುನ್ನಂದಾಜೇ. ವ್ಯತ್ಯಾಸವೇನೆಂದರೆ, ಅಂದಾಜು ತಪ್ಪಿದಾಗ ಕಂತು ಕಟ್ಟಬೇಕಾದವರು ಅವರೊಬ್ಬರೇ.

ಅದಿರು ಇಳಿದ ಮೇಲೆ ಮಾತೆಲ್ಲ ಕಲ್ಲಿದ್ದಲಿನದಾಯಿತು. ಮರ್ಮಗೋವಾದಲ್ಲಿ ಇಳಿಯುವ ಕಲ್ಲಿದ್ದಲು ರೈಲಿನಲ್ಲಿ ಘಟ್ಟ ಹತ್ತಿ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಹೋಗುತ್ತದೆ. ಘಟ್ಟದ ಬುಡದ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗುವಷ್ಟರಲ್ಲಿ 1 ಮೀಟರ್ ಏರಬೇಕು. ಹಿಂದಿನಿಂದ ತಳ್ಳುವ ಇಂಜಿನ್ನುಗಳಿಲ್ಲದೆ ಭರ್ತಿ ರೇಕ್, ಅಂದರೆ ಸರಕು ತುಂಬಿದ ಇಡೀ ಗಾಡಿಸಾಲು, ಮೇಲೇರುವುದಿಲ್ಲ. ಇಲ್ಲಿ ಜೋಡಿ ಹಳಿ ಬೇಕೆಂಬ ಯೋಜನೆ ಬಂದಾಗ ನನಗೆ ಕಂಡದ್ದು ಒಂದು ಸುತ್ತುವಾದ. ಬಂದರನ್ನು ವಿಸ್ತರಿಸಲು ಕಾರಣವೇನೆಂದರೆ ಹಳಿ ಜೋಡಿಯಾಗಲಿದೆ ಎನ್ನುವುದು, ಹಳಿ ಜೋಡಿಯಾಗಲು ಕಾರಣವೇನೆಂದರೆ ಬಂದರು ಬೆಳೆಯಲಿದೆ ಎನ್ನುವುದು. ಹೀಗೆ ಒಂದರ ಸಾಮರ್ಥ್ಯವನ್ನೇ ಇನ್ನೊಂದರ ಬೇಡಿಕೆ ಎಂದು ಬರೆದರೆ ಎರಡೂ ಅಂಕಿಗಳು ಬೆಳೆಯುತ್ತವೆ, ಒಂದು ಟನ್ ಕಲ್ಲಿದ್ದಲೂ ಹೆಚ್ಚಾಗಿ ಉರಿಯದೆ.

ಈ ಹಳಿ ಹಾದುಹೋಗುವ ಮೊಲ್ಲೆಂ ಕಾಡಿನ ಪರವಾಗಿ 2020ರಲ್ಲಿ ಗೋವಾದ ಜನ ಬೀದಿಗಿಳಿದರು. ಈ ಮಾರ್ಗದ ಸಾಮರ್ಥ್ಯ ಅಲ್ಪಸ್ವಲ್ಪ ಹೆಚ್ಚುವುದಕ್ಕಾಗಿ ಪಶ್ಚಿಮಘಟ್ಟದ ಕಾಡನ್ನು ಹಾಳುಮಾಡಲು ಸಮರ್ಥನೆ ಇಲ್ಲವೆಂದು ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿತು, 2022ರ ಮೇ ತಿಂಗಳಲ್ಲಿ ನ್ಯಾಯಾಲಯವೂ ಅದನ್ನು ಒಪ್ಪಿ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮೋದನೆಯನ್ನು ರದ್ದುಪಡಿಸಿತು. ನನ್ನ ಅನ್ನ ಬಂದರಿನದೇ ಆದರೂ ಆ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ.

ಅಂದಾಜು ಮಾಡುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಹಳಿ, ಬರ್ತುಗಳು ಬೇಕೆಂದ ದಿನವೇ ಹುಟ್ಟುವಂಥವಲ್ಲ. ಆದರೆ ಅಂದಾಜು ಸರಕು ಸರಕಿಗೂ ಬೇರೆಯಾಗಿರಬೇಕು, ಅದಕ್ಕೆ ಕನಿಷ್ಠ ಗರಿಷ್ಠಗಳೆಂಬ ಎರಡು ತುದಿಗಳಿರಬೇಕು, ಯಾವ ಊಹೆ ಕುಸಿದರೆ ಅಂಕಿ ಎಷ್ಟು ಕುಸಿಯುತ್ತದೆಂದು ಅದೇ ಪುಟದಲ್ಲಿ ಬರೆದಿರಬೇಕು. ಮಳೆಗಾಲದಲ್ಲಿ ಗಣಿ ನಿಲ್ಲುವ ಈ ನಾಡಿನಲ್ಲಿ ವರ್ಷದ ಒಟ್ಟು ಟನ್ನಿಗಿಂತ ಸಾಗಣೆಯ ದಟ್ಟಣೆ ಹೆಚ್ಚಿರುವ ಜನವರಿಯ ಒಂದು ದಿನದ ಟನ್ನು ಮುಖ್ಯ. 2018ರಿಂದ ಇ-ವೇ ಬಿಲ್ಲುಗಳಲ್ಲಿ, ಅಂದರೆ ಸರಕಿನೊಡನೆ ಸಾಗುವ ವಿದ್ಯುನ್ಮಾನ ತೆರಿಗೆ ಚೀಟಿಗಳಲ್ಲಿ, ಸರಕು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ದಾಖಲಾಗುತ್ತಿರುವಾಗ, ಹೆದ್ದಾರಿಯ ಬದಿಯಲ್ಲಿ ಒಂದೆರಡು ದಿನ ಲಾರಿ ನಿಲ್ಲಿಸಿ ಕೇಳಿದ ಉತ್ತರಗಳನ್ನೇ ನೆಚ್ಚಿ ಕೂರಬೇಕಾದ ಕಾರಣವೂ ನನಗೆ ಕಾಣುವುದಿಲ್ಲ.

ವಿವರವಾದ ಅಧ್ಯಯನದೊಂದಿಗೆ ಹೊಸ ಪ್ರಸ್ತಾವ ಸಲ್ಲಿಸಲು ನ್ಯಾಯಾಲಯ ಬಾಗಿಲು ತೆರೆದೇ ಇಟ್ಟಿದೆ. ಅಂಥದೊಂದು ಕಡತ ಬಂದರೆ ನಾನು ಮೊದಲು ಹುಡುಕುವುದು, ಅದರಲ್ಲಿನ ಕಲ್ಲಿದ್ದಲಿನ ಅಂಕಿಯನ್ನು ತೋರಣಗಲ್ಲಿನ ಕುಲುಮೆಗಳಿಂದ ತಂದಿದ್ದಾರೋ, ಮರ್ಮಗೋವಾ ಬಂದರಿನ ವಿಸ್ತರಣಾ ಯೋಜನೆಯಿಂದ ತಂದಿದ್ದಾರೋ ಎಂಬುದನ್ನು.