‘ಪಿಲೊಸೊಪೊ’ ಅಂದ್ರೆ ಬೈಗುಳ

ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳು ದೊಡ್ಡವರ ಮಾತಿಗೆ ಕೊಕ್ಕೆ ಹಾಕಿ ತರಲೆ ಉತ್ತರ ಕೊಟ್ಟರೆ ‘ಪಿಲೊಸೊಪೊ’ ಅಂತ ಬೈಸಿಕೊಳ್ಳುತ್ತಾರೆ. ತತ್ವಜ್ಞಾನಿ ಅನ್ನುವ ಸ್ಪ್ಯಾನಿಷ್ ಪದವೇ ಅದು. ಆಡುಮಾತಿಗೆ ಇಳಿಯುವಷ್ಟರಲ್ಲಿ ಮೊಂಡುವಾದಿ, ಅಧಿಕಪ್ರಸಂಗಿ ಆಗಿಬಿಟ್ಟಿದೆ. ನಾವು ‘ಸಾಕು, ವೇದಾಂತ ಕೊರೀಬೇಡ’ ಅಂತೀವಲ್ಲ, ಹಾಗೆ.

ಅಂಥ ನಾಡಿನಲ್ಲಿ ಫಿಲಾಸಫಿ ಪಾಠ ಮಾಡುತ್ತಲೇ ಆಯಸ್ಸು ಕಳೆದವರು ಎಮೆರಿಟಾ ಕಿಟೊ. ಹುಟ್ಟಿದ್ದು 1929ರಲ್ಲಿ, ಮನಿಲಾದಿಂದ ಉತ್ತರಕ್ಕಿರುವ ಪಂಪಾಂಗಾ ಪ್ರಾಂತ್ಯದಲ್ಲಿ. ಓದಿದ್ದು ಸಾಂತೊ ತೊಮಾಸ್ ವಿಶ್ವವಿದ್ಯಾಲಯದಲ್ಲಿ. 1611ರಲ್ಲಿ ಶುರುವಾದ, ಡೊಮಿನಿಕನ್ ಪಾದ್ರಿಗಳ ವಿದ್ಯಾಪೀಠ ಅದು. ಅಲ್ಲಿ ಆಗ ಫಿಲಾಸಫಿ ಅಂದರೆ ಹೆಚ್ಚುಕಮ್ಮಿ ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಅಂತಲೇ. ಮುಂದೆ ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ಗೆ ಹೋಗಿ, ಲೂಯಿ ಲಾವೆಲ್ ಎಂಬ ಫ್ರೆಂಚ್ ಚಿಂತಕನ ಮೇಲೆ ಫ್ರೆಂಚಿನಲ್ಲೇ ಪ್ರಬಂಧ ಬರೆದು 1965ರಲ್ಲಿ ಡಾಕ್ಟರೇಟ್ ತಗೊಂಡರು. 1971ರಿಂದ ಮನಿಲಾದ ದೆ ಲಾ ಸಾಲ್‌ನಲ್ಲಿ ಪ್ರೊಫೆಸರ್. ಕೂತ ಕುರ್ಚಿಗಳು, ಬಂದ ಬಿರುದುಗಳ ಪಟ್ಟಿ ಇಲ್ಲಿ ಬೇಡ. ವಿದೇಶದ ಡಿಗ್ರಿ ತಂದು ಕುರ್ಚಿ ಹಿಡಿದ ಪ್ರೊಫೆಸರುಗಳು ಎಲ್ಲ ದೇಶದಲ್ಲೂ ಸಿಗುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1972. ಅಲ್ಲಿನ ಅಧ್ಯಕ್ಷ ಮಾರ್ಕೋಸ್ ಮಾರ್ಷಲ್ ಲಾ ಹೇರಿದ ವರ್ಷ. ಅದೇ ವರ್ಷ ಈ ಮೇಡಂ ‘ಆಂಗ್ ಪಿಲೊಸೊಪಿಯಾ ಸಾ ದಿವಾಂಗ್ ಪಿಲಿಪಿನೊ’ ಅಂತ ಒಂದು ಪುಸ್ತಕ ತಂದರು. ತತ್ವಶಾಸ್ತ್ರದ ಪುಸ್ತಕ, ಆದರೆ ಫಿಲಿಪಿನೊ ಭಾಷೆಯಲ್ಲಿ. ಹೆಸರಿನಲ್ಲಿರುವ ‘ದಿವಾ’ ಅಂದರೆ ಮನಸ್ಸು, ಚೈತನ್ಯ. ಅದು ನಮ್ಮ ‘ಜೀವ’ದ ನೆಂಟ ಅಂತಾರೆ ಭಾಷೆ ಬಲ್ಲವರು. (ಅಲ್ಲಿ ಮೇಷ್ಟ್ರಿಗೆ ‘ಗುರೊ’, ಮುಖಕ್ಕೆ ‘ಮುಖಾ’, ಆಸೆಗೆ ‘ಆಸಾ’. ಇದು ಗೊತ್ತಾದ ದಿನ ನನಗೆ ಯಾಕೋ ಹಬ್ಬ.) 1977ರಲ್ಲಿ ತತ್ವಶಾಸ್ತ್ರದ ಚರಿತ್ರೆಯನ್ನೂ ಅದೇ ಭಾಷೆಯಲ್ಲಿ ಬರೆದರು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸಕ್ಕೆ ‘ಜನಪ್ರಿಯ ಬರವಣಿಗೆ’ ಅಂತ ಹೆಸರಿಟ್ಟು ಪಕ್ಕಕ್ಕೆ ಸರಿಸುತ್ತಾರೆ. ನನ್ನ ಪ್ರಕಾರ ಕಷ್ಟದ ಕೆಲಸ ಇದೇ. ಅರ್ಧಂಬರ್ಧ ತಿಳಿದದ್ದನ್ನೂ ಫ್ರೆಂಚಿನಲ್ಲಿ, ಇಂಗ್ಲಿಷಿನಲ್ಲಿ ಬರೆದು ದಾಟಿಬಿಡಬಹುದು. ಬೀದಿಯಲ್ಲಿ ಆಡುವ ಮಾತಿನಲ್ಲಿ ಬರೆದಿರೋ, ಯಾರು ಬೇಕಾದರೂ ‘ಹಾಗಂದ್ರೇನ್ರೀ?’ ಅಂತ ತಡೆದು ಕೇಳಬಹುದು.

ಹಾಗಂತ ಆರತಿ ಎತ್ತುತ್ತಿಲ್ಲ. ಅವರ ಬರವಣಿಗೆಯಲ್ಲಿ ಬಹುಪಾಲು ಯುರೋಪಿನವರದೇ ದರ್ಬಾರು: ಮಾರ್ಕ್ಯೂಸ್, ಸಾರ್ತ್ರ್, ಹುಸರ್ಲ್. ಭಾಷೆ ಊರಿನದು, ಸರಕು ಹೊರಗಿನದು ಅಂತ ಯಾರಾದರೂ ಆಡಿಕೊಂಡರೆ ಪೂರಾ ತಪ್ಪು ಅನ್ನಲಾರೆ. ಇನ್ನೊಂದು ಕೊಕ್ಕೆಯೂ ಇದೆ. ಫಿಲಿಪಿನೊ ನಿಂತಿರುವುದು ಮನಿಲಾ ಕಡೆಯ ಟಗಾಲೊಗ್ ನುಡಿಯ ಮೇಲೆ. ಪಂಪಾಂಗಾದ ನುಡಿಯೇ ಬೇರೆ, ಕಪಂಪಾಂಗನ್. ‘ನಮ್ಮ ಭಾಷೆ’ ಅಂದಾಗ ಯಾರ ಭಾಷೆ ಅನ್ನುವ ಜಗಳ ಅಲ್ಲಿಯೂ ಮುಗಿದಿಲ್ಲ.

ಆದರೆ 1983ರಲ್ಲಿ ತಮ್ಮ ದೇಶದ ತತ್ವಶಾಸ್ತ್ರದ ಸ್ಥಿತಿಗತಿ ಬರೆಯುವಾಗ ಕಿಟೊ ಅದನ್ನು ಎರಡು ಮಟ್ಟದಲ್ಲಿ ನೋಡಿದರು, ಕಾಲೇಜಿನದು ಒಂದು, ಜನಸಾಮಾನ್ಯರದು ಇನ್ನೊಂದು. ‘ಪಿಲೊಸೊಪೊ’ ಬೈಗುಳದ ಮಾತು ಅಲ್ಲೇ ಬರುತ್ತದೆ. ಕಾಲೇಜಿನ ಗೇಟಿನಾಚೆ ಏನೂ ಇಲ್ಲ ಅಂದುಕೊಂಡವರು ಹೀಗೆ ಬರೆಯುವುದಿಲ್ಲ.

ಅವರ ಕಾಲದಲ್ಲೇ ಅತೆನೆಯೊ ವಿಶ್ವವಿದ್ಯಾಲಯದಲ್ಲಿ ರೋಕೆ ಫೆರಿಯೋಲ್ಸ್ ಎಂಬ ಜೆಸ್ವಿಟ್ ಪಾದ್ರಿ 1969ರಿಂದ ಫಿಲಿಪಿನೊದಲ್ಲೇ ಫಿಲಾಸಫಿ ಪಾಠ ಶುರು ಮಾಡಿದ್ದರು. ಇರವು ಅನ್ನುವುದಕ್ಕೆ ಅವರು ಆರಿಸಿಕೊಂಡ ಪದ ‘ಮೆರೋನ್’. ಅಂಗಡಿಗೆ ಹೋಗಿ ‘ಮೊಟ್ಟೆ ಇದೆಯಾ?’ ಅಂತ ಕೇಳುವಾಗ ಬರುತ್ತದಲ್ಲ ‘ಇದೆ’, ಅದೇ.

ನಾನು ಡಿಗ್ರಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಇದೇ ವಿಷಯಕ್ಕೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಸತ್ತೆ’ ಅಂತ ಬರೆದರು. ಹಿಂದಿನ ಬೆಂಚಿನಿಂದ ಒಬ್ಬ, ‘ಸಾರ್, ಯಾವಾಗ ಸತ್ರಿ?’ ಅಂದ. ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಅವನನ್ನು ಹೊರಗೆ ಕಳಿಸಿ ಪಾಠ ಮುಂದುವರಿಸಿದರು. ಆ ಪಾಠದ ಒಂದಕ್ಷರ ಈಗ ನೆನಪಿಲ್ಲ, ಆ ಪಿಲೊಸೊಪೊ ಕೇಳಿದ ಪ್ರಶ್ನೆ ಬಿಟ್ಟು.