ಮಂಜನ್ನು ಅಳಿಸುವ ಸ್ಲೈಡರು

ಮಲೆನಾಡಿನ ಯಾವ ಚಿತ್ರವನ್ನು ಹಾಕಿದರೂ ಅದರ ಕೆಳಗೆ "ಇದು ಒರಿಜಿನಲ್ಲಾ, ಎಡಿಟ್ ಮಾಡಿದ್ದಾ ಸರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಎಡಿಟ್ ಮಾಡುವುದೆಂದರೆ ಹಾಲಿಗೆ ನೀರು ಬೆರೆಸಿದ ಹಾಗೆ ಎಂಬ ಗುಮಾನಿ ಆ ಪ್ರಶ್ನೆಯಲ್ಲಿರುತ್ತದೆ. ಕೇಳುವವರನ್ನು ನಾನು ದೂರುವುದಿಲ್ಲ. ಚಿಕ್ಕಮಗಳೂರಿನ ಬೆಟ್ಟಗಳ ಹೆಸರಿನಲ್ಲಿ ದಿನವೂ ಮೊಬೈಲಿಗೆ ಬಂದು ಬೀಳುವ ರೀಲ್ಸುಗಳಲ್ಲಿ ಆಕಾಶ ನೇರಳೆಯಾಗಿ, ಹುಲ್ಲು ಕಣ್ಣು ಚುಚ್ಚುವ ಹಸಿರಾಗಿ, ರಸ್ತೆಯಲ್ಲಿ ನಿಂತವರ ಮುಖ ಕಿತ್ತಳೆಯಾಗಿ ಕಾಣುತ್ತಿರುವಾಗ ಯಾರಿಗಾದರೂ ಅನುಮಾನ ಬರುವುದು ಸಹಜ. ಆದರೂ ಎಡಿಟಿಂಗೇ ತಪ್ಪು ಎಂಬ ಮಾತನ್ನು ನಾನು ಒಪ್ಪಲಾರೆ. ಎದುರಿಗಿರುವ ವಸ್ತುವನ್ನು ಸರಿಯಾಗಿ ನೋಡದೆ, ಯಾರೋ ಯಾವುದೋ ಊರಿನ ಬೆಳಕಿಗೆಂದು ಮಾಡಿಟ್ಟ ಸಿದ್ಧ ಹೊಂದಾಣಿಕೆಯನ್ನು, ಅಂದರೆ ಪ್ರಿಸೆಟ್ಟನ್ನು, ಒತ್ತಿ ಕೈತೊಳೆದುಕೊಳ್ಳುವ ಅಭ್ಯಾಸವೇ ನಮ್ಮ ಭಾಗದ ಚಿತ್ರಗಳನ್ನು ಕೆಡಿಸುತ್ತಿದೆ ಎಂಬುದು ಹವ್ಯಾಸಕ್ಕಾಗಿ ಈ ಕೆಲಸ ಮಾಡುತ್ತ ಬಂದಿರುವ ನನ್ನ ಅಭಿಪ್ರಾಯ.

ನಾವು ಒರಿಜಿನಲ್ ಎಂದು ನಂಬುವ ಚಿತ್ರವೂ ಎಡಿಟ್ ಆಗಿಯೇ ಹೊರಬಂದಿರುತ್ತದೆ. ಕ್ಯಾಮೆರಾದ ಸೆನ್ಸರಿಗೆ ಎಷ್ಟು ಬೆಳಕು ಬಿತ್ತು ಎಂಬುದು ಮಾತ್ರ ತಿಳಿಯುತ್ತದೆ, ಬಣ್ಣ ತಿಳಿಯುವುದಿಲ್ಲ. ಅದರ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳನ್ನು ಚೌಕುಳಿಯಂತೆ ಹೊಂದಿಸುವ ವಿಧಾನಕ್ಕೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. ಆ ಚೌಕಗಳಲ್ಲಿ ಅರ್ಧದಷ್ಟು ಹಸಿರು, ಉಳಿದರ್ಧವನ್ನು ಕೆಂಪು ಮತ್ತು ನೀಲಿ ಹಂಚಿಕೊಂಡಿರುತ್ತವೆ. ಪ್ರತಿಯೊಂದು ಬಿಂದುವಿನಲ್ಲಿಯೂ ಕಾಣೆಯಾಗಿರುವ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿ ತುಂಬಲಾಗುತ್ತದೆ. ಈಗಿನ ಫೋನುಗಳಂತೂ ಒಂದೇ ಒತ್ತಿಗೆ ಹಲವು ಚಿತ್ರಗಳನ್ನು ತೆಗೆದು, ಅವುಗಳನ್ನು ಒಂದಾಗಿ ಬೆಸೆದು, ನೆರಳನ್ನು ತಿಳಿಯಾಗಿಸಿ, ಅಂಚುಗಳನ್ನು ಹರಿತಗೊಳಿಸಿ, ಕೊನೆಗೆ ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಬರೀ 256 ಹಂತಗಳಿರುವ ಜೆಪೆಗ್ ಫೈಲನ್ನು ನಮ್ಮ ಕೈಗಿಡುತ್ತವೆ. ಸೆನ್ಸರಿನ ಮಾಹಿತಿಯನ್ನು ತಿದ್ದದೆ ಉಳಿಸುವ 14 ಬಿಟ್‌ನ ರಾ ಫೈಲಿನಲ್ಲಿಯಾದರೆ ಅದೇ ಜಾಗದಲ್ಲಿ 16,384 ಹಂತಗಳಿಗೆ ಅವಕಾಶವಿರುತ್ತದೆ. ಹೀಗಿರುವಾಗ ಎಡಿಟ್ ಆಗಿದೆಯೇ ಎಂದು ಕೇಳುವುದಕ್ಕಿಂತ, ಆ ಜಾಗವನ್ನು ಕಂಡೇ ಇರದ ಫೋನ್ ಕಂಪನಿಯ ಎಂಜಿನಿಯರು ಎಡಿಟ್ ಮಾಡಿದ್ದೋ ಅಥವಾ ಅಲ್ಲಿ ನಿಂತಿದ್ದವರೇ ಮಾಡಿದ್ದೋ ಎಂದು ಕೇಳುವುದು ನ್ಯಾಯ.

"ತೇಜಸ್ವಿಯವರು ಮೂಡಿಗೆರೆಯ ಕಾಡು ತೋಟಗಳಲ್ಲಿ ಕಾದು ಕುಳಿತು ಹಕ್ಕಿಗಳನ್ನು ತೆಗೆಯುತ್ತಿದ್ದಾಗ ಈ ಸಾಫ್ಟ್‌ವೇರುಗಳೆಲ್ಲ ಎಲ್ಲಿದ್ದವು?" ಎಂಬ ವಾದವನ್ನೂ ನಮ್ಮ ಕಡೆ ಆಗಾಗ ಕೇಳಬೇಕಾಗುತ್ತದೆ. ಅವರ ತಾಳ್ಮೆಯನ್ನು ಕಲಿಯಬೇಕೆಂಬುದಾದರೆ ಆ ಮಾತಿಗೆ ಎದುರಾಡಲು ಏನೂ ಇಲ್ಲ. ಆದರೆ ಫಿಲ್ಮಿನ ಕಾಲದಲ್ಲಿ ತಿದ್ದುವಿಕೆಯೇ ಇರಲಿಲ್ಲ ಎಂಬುದು ಸರಿಯಲ್ಲ. ಕಪ್ಪುಬಿಳುಪು ಪ್ರಿಂಟ್ ತೆಗೆಯುವವರು ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರಿನ ಬೆಳಕಿಗೆ ಕೈ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುತ್ತಿದ್ದರು, ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟು ಗಾಢವಾಗಿಸುತ್ತಿದ್ದರು. ಫೋಟೊಶಾಪಿನ ಡಾಡ್ಜ್ ಮತ್ತು ಬರ್ನ್ ಸಾಧನಗಳಿಗೆ ಹೆಸರು ಬಂದಿರುವುದೇ ಅಲ್ಲಿಂದ. ಪೇಟೆಯ ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಟಚಿಂಗ್ ಮಾಡುವವರಿಗೆ ವಿಶೇಷ ಗೌರವವಿತ್ತು. ಇನ್ನೂ ಹಿಂದಕ್ಕೆ ಹೋದರೆ, 1857ರಲ್ಲಿಯೇ ಇಂಗ್ಲೆಂಡಿನಲ್ಲಿದ್ದ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ್ದರು. ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ.

ಇನ್ನು ನಮ್ಮ ಹಸಿರಿನ ವಿಷಯ. ಮಲೆನಾಡಿನಲ್ಲಿ ಹಸಿರು ಎಂಬುದು ಒಂದು ಬಣ್ಣವಲ್ಲ. ಕಾಫಿ ಎಲೆ ದಟ್ಟ ಹಸಿರು, ಆದರೆ ಅದರ ಮೈ ಹೊಳಪಿನದಾದ್ದರಿಂದ ಮೋಡದ ದಿನ ಆಕಾಶದ ಬಿಳುಪು ನೀಲಿಯನ್ನು ಹೊತ್ತುಕೊಂಡಿರುತ್ತದೆ. ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್‌ನ ಎಲೆಯ ಬೆನ್ನು ಬೂದುಬಣ್ಣದ್ದು, ಗಾಳಿ ಬೀಸಿದಾಗ ಮರವೇ ಬಣ್ಣ ಬದಲಾಯಿಸಿದಂತೆ ತೋರುತ್ತದೆ. ಸಕಲೇಶಪುರದ ಕಡೆಯ ಗದ್ದೆಗಳ ಸಸಿಮಡಿ ಹಳದಿಗೆ ಹತ್ತಿರ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಣ್ಣದ ಗಾಢತೆಯನ್ನು ಹೆಚ್ಚುಕಡಿಮೆ ಮಾಡುವ ಸ್ಯಾಚುರೇಶನ್ ಸ್ಲೈಡರನ್ನು ಬಲಕ್ಕೆ ಎಳೆದ ಕೂಡಲೇ ಈ ಮೂರೂ ಒಂದೇ ಪೇಂಟ್ ಡಬ್ಬಿಯಿಂದ ಬಂದಂತಾಗುತ್ತವೆ. ಹೊಸದಾಗಿ ಕಲಿಯುವವರು ಗಮನಿಸಬೇಕಾದ ಸಂಗತಿಯೊಂದಿದೆ: ಬಣ್ಣಗಳನ್ನು ಪ್ರತ್ಯೇಕವಾಗಿ ತಿದ್ದುವ ಎಚ್‌ಎಸ್‌ಎಲ್ ಪಟ್ಟಿಯಲ್ಲಿ ಹುಲ್ಲು ಮತ್ತು ಎಳೆಯ ಎಲೆಗಳ ಬಣ್ಣ ಬಹುಪಾಲು ಹಳದಿ ಸ್ಲೈಡರಿನ ಅಧೀನದಲ್ಲಿರುತ್ತದೆಯೇ ಹೊರತು ಹಸಿರಿನದರಲ್ಲಲ್ಲ. ಹಸಿರಿನ ಸ್ಲೈಡರನ್ನು ಎಷ್ಟು ಎಳೆದರೂ ಗದ್ದೆ ಅಲುಗದೆ, ಹಿಂದಿನ ಕಾಫಿ ಗಿಡ ಮಾತ್ರ ವಿಕಾರವಾಗುವುದು ಈ ಕಾರಣಕ್ಕೆ. ಹಳದಿಯನ್ನು ಒಂದಿಷ್ಟು ತಗ್ಗಿಸಿ ಹಸಿರನ್ನು ಮುಟ್ಟದೆ ಬಿಟ್ಟರೆ, ಅನೇಕ ಸಲ ಚಿತ್ರ ತಾನಾಗಿಯೇ ಮಳೆಗಾಲದ ಬೆಳಗಿಗೆ ಬಂದು ನಿಲ್ಲುತ್ತದೆ.

ಇದಕ್ಕಿಂತ ವಿಚಿತ್ರವಾದದ್ದು ಮಸುಕನ್ನು ತೆಗೆಯುವ ಡಿಹೇಜ್. ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿ ಈ ಸ್ಲೈಡರನ್ನು 2015ರಲ್ಲಿ ಸೇರಿಸಿತು. ದೂಳು ಮುಸುಕಿದ ದೂರದ ದೃಶ್ಯಗಳನ್ನು ಸ್ಪಷ್ಟಗೊಳಿಸುವುದಕ್ಕೆ ಅದು ನಿಜವಾಗಿಯೂ ಉಪಯುಕ್ತ. ಆದರೆ ಮಂಜು ನೋಡಲೆಂದೇ ಬೆಳಗಿನ ಜಾವ ಎದ್ದು, ಸೀತಾಳಯ್ಯನಗಿರಿಯ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಕಾದು, ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ಬಂದವರು, ಕೋಣೆಗೆ ಮರಳಿ ಡಿಹೇಜನ್ನು ಎಳೆದು ಆ ಮಂಜನ್ನೇ ಒರೆಸಿಹಾಕುತ್ತಾರೆ. ಮಂಜಿನ ಚಿತ್ರದಲ್ಲಿ ಕಪ್ಪು ಎಂಬುದೇ ಇರುವುದಿಲ್ಲ; ಕಪ್ಪಿನಿಂದ ಬಿಳುಪಿನವರೆಗೆ ಯಾವ ಹೊಳಪು ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮಿನ ಗುಡ್ಡೆ ನಡುವಿನಲ್ಲಿ ಕಿರಿದಾಗಿ ಕೂತಿರುತ್ತದೆ, ಎರಡೂ ತುದಿ ಖಾಲಿ. ಗುಡ್ಡೆಯನ್ನು ಎರಡೂ ತುದಿಗೆ ಎಳೆಯಬೇಕೆಂದು ಯೂಟ್ಯೂಬಿನ ಪಾಠಗಳು ಹೇಳಿಕೊಡುತ್ತವೆ. ಮಂಜಿಗೆ ಆ ಪಾಠ ಅನ್ವಯಿಸುವುದಿಲ್ಲ.

ಹಳೇಬೀಡಿನ ಶಿಲ್ಪಗಳ ಚಿತ್ರಗಳ ಮೇಲೆ ಕೆಲಸ ಮಾಡುವಾಗ ನನಗೆ ಈ ವಿಚಾರ ಹೆಚ್ಚು ಸ್ಪಷ್ಟವಾಯಿತು. ಹೊಯ್ಸಳೇಶ್ವರ ದೇವಾಲಯದ ಗರ್ಭಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ದೊಡ್ಡ ಮೂರ್ತಿಗಳ ಸಾಲು ಹಿಂಬದಿಯ ಪಶ್ಚಿಮ ಗೋಡೆಯಲ್ಲಿದೆ. ಹಾಗಾಗಿ ಬೆಳಿಗ್ಗೆ ಹೋದರೆ ಆ ಮೂರ್ತಿಗಳ ಮೇಲೆ ಬಿಸಿಲು ಬೀಳುವುದಿಲ್ಲ; ತೆರೆದ ಆಕಾಶದ ನೀಲಿ ಬೆಳಕು ಮಾತ್ರ ಇರುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬಿಸಿಲಿಗೆ ಹೊಂದುವ ಸುಮಾರು 5500 ಕೆಲ್ವಿನ್‌ನಲ್ಲಿ ಕಲ್ಲು ಉಕ್ಕಿನಂತೆ ನೀಲಿಗಟ್ಟುತ್ತದೆ. ಅದನ್ನು ಬೆಚ್ಚಗಾಗಿಸುವ ಭರದಲ್ಲಿ ಹತ್ತು ಸಾವಿರದ ಹತ್ತಿರ ಒಯ್ದರೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ನಿಜವಾದ ಬಳಪದ ಕಲ್ಲು ಬೂದಿಗೆ ಹಸಿರಿನ ಸೋಂಕು ತಗುಲಿದ ಬಣ್ಣದ್ದು. ಆ ಬಣ್ಣ ಎಷ್ಟು ಕೆಲ್ವಿನ್‌ನಲ್ಲಿ ಸಿಗುತ್ತದೆ ಎಂಬುದನ್ನು ಆ ಗೋಡೆಯ ಮುಂದೆ ನಿಂತು ನೋಡಿದ ಕಣ್ಣೇ ಹೇಳಬೇಕು.

ಆನೆಯ ರೂಪದ ಗಜಾಸುರನನ್ನು ಕೊಂದು ಆ ಆನೆಯ ತೊಗಲಿನ ನಡುವೆ ಕುಣಿಯುವ ಶಿವನ ಮೂರ್ತಿಯನ್ನೇ ನೋಡಿ. ಶಿಲ್ಪಿ ಆಭರಣದ ಹಿಂದೆ, ತೋಳಿನ ಹಿಂದೆ ಕಲ್ಲನ್ನು ಆಳಕ್ಕೆ ಕೊರೆದು ಖಾಲಿ ಬಿಟ್ಟಿದ್ದಾನೆ. ಅಲ್ಲಿ ಕತ್ತಲೆ ತುಂಬಿಕೊಳ್ಳುವುದರಿಂದಲೇ ಮುಂದಿನ ಹಾರ ಎದೆಯಿಂದ ಬೇರೆಯಾಗಿ ತೂಗುವಂತೆ ಕಾಣುತ್ತದೆ. ನೆರಳು, ಬೆಳಕು ಎರಡರಲ್ಲಿಯೂ ಎಲ್ಲ ವಿವರ ಕಾಣಿಸಬೇಕೆಂಬ ಎಚ್‌ಡಿಆರ್ ಹುಚ್ಚಿನಲ್ಲಿ, ನೆರಳನ್ನು ತಿಳಿಯಾಗಿಸುವ ಶ್ಯಾಡೋಸ್ ಸ್ಲೈಡರನ್ನು ನೂರಕ್ಕೆ ಮುಟ್ಟಿಸಿದರೆ ಆ ಕತ್ತಲೆಗೆ ಬೂದು ತುಂಬಿ, ಹಾರ ಎದೆಗೆ ಅಂಟಿಕೊಳ್ಳುತ್ತದೆ. ಮೇಲೆ ಅಂಚುಗಳನ್ನು ಎದ್ದುಕಾಣಿಸುವ ಕ್ಲಾರಿಟಿಯನ್ನೂ ಹೆಚ್ಚಿಸಿದರೆ ಪ್ರತಿ ಅಂಚಿಗೂ ಬಿಳಿಯ ಹಾಲೊ (ಪ್ರಭೆ) ಕಟ್ಟಿ, ಕಲ್ಲು ಪ್ಲಾಸ್ಟಿಕ್ಕಿನಂತೆ ಕಾಣತೊಡಗುತ್ತದೆ. ಶಿಲ್ಪಿ ಉಳಿಯಿಂದ ಮಾಡಿದ ನೆರಳನ್ನು ನಾವು ಬೆರಳಿನಿಂದ ಅಳಿಸುತ್ತಿದ್ದೇವೆ ಎಂಬ ಎಚ್ಚರವಿದ್ದರೆ, ನೆರಳನ್ನು ಇದ್ದ ಹಾಗೆ ಬಿಟ್ಟು, ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್ ಹಾಕಿ ಮುಖದ ಭಾಗವನ್ನಷ್ಟೇ ತುಸು ತಿಳಿಯಾಗಿಸುವುದು ಸಾಕಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಈ ಗೋಡೆಗಳ ಚಿತ್ರಗಳು ಬೇಕಾದಷ್ಟು ಹರಿದಾಡುತ್ತಿವೆ. ಅವುಗಳಲ್ಲಿ ಕಲ್ಲಿನ ಬಣ್ಣ ಉಳಿದಿರುವಂಥವು ಹುಡುಕಿದರೆ ಮಾತ್ರ ಸಿಗುತ್ತವೆ.

ಮನುಷ್ಯರ ಮುಖಕ್ಕೂ ಇದೇ ಗತಿಯಾಗಿದೆ. ನಮ್ಮ ಕುಟುಂಬದ ಮದುವೆಯೊಂದರ ಕರಿಜ್ಮಾ ಆಲ್ಬಮ್ ಬಂದಾಗ, ದೊಡ್ಡಮ್ಮನಿಂದ ಹಿಡಿದು ಮದುಮಗಳವರೆಗೆ ಎಲ್ಲರೂ ಒಂದೇ ಹಿಟ್ಟಿನ ಬಣ್ಣಕ್ಕೆ ಬಂದಿದ್ದರು. ಚರ್ಮದ ಬಣ್ಣ ಸಾಫ್ಟ್‌ವೇರಿನಲ್ಲಿ ಕಿತ್ತಳೆ ಮತ್ತು ಹಳದಿಯ ನಡುವೆ ಬರುತ್ತದೆ. ಆ ಸ್ಲೈಡರುಗಳ ಹೊಳಪನ್ನು ಏರಿಸಿದ್ದರಿಂದ ಮದುಮಗಳ ಕೆನ್ನೆಯ ಅರಿಶಿನವೂ ಜೊತೆಯಲ್ಲಿ ತೊಳೆದುಹೋಗಿತ್ತು. ಅರಿಶಿನ ಹಚ್ಚುವ ಶಾಸ್ತ್ರದ ಪುಟದಲ್ಲಿ ಅರಿಶಿನವೇ ಇರಲಿಲ್ಲ. ವಿಚಾರಿಸಿದಾಗ ಆ ಸ್ಟುಡಿಯೋದ ಹುಡುಗ, "ಏನ್ ಮಾಡೋದು ಸರ್, ಬೆಳ್ಳಗೆ ಮಾಡದಿದ್ರೆ ಆಲ್ಬಮ್ ವಾಪಸ್ ಬರುತ್ತೆ" ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಬೆಳ್ಳಗಿರುವುದೇ ಚೆಂದ ಎಂಬ ನಮ್ಮ ರೋಗವನ್ನು ಅವನ ಕಂಪ್ಯೂಟರು ಛಾಪಿಸಿಕೊಡುತ್ತಿದೆ, ಅಷ್ಟೆ. ಮೊಡವೆಯ ಕಲೆಯನ್ನು ತೆಗೆಯಿರಿ, ತಕರಾರಿಲ್ಲ, ಅದು ನಾಲ್ಕು ದಿನದ್ದು. ಕೆನ್ನೆಯ ಮಚ್ಚೆ, ಅಜ್ಜಿಯ ಹಣೆಯ ಗೆರೆ, ಮೈಬಣ್ಣ ಇವು ಆ ಮನುಷ್ಯರೇ. ಅವನ್ನು ಮುಟ್ಟುವ ಮೊದಲು ಅವರನ್ನೇ ಕೇಳುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ, ಚಿತ್ರವೆಂದರೆ ಕಂಡದ್ದರ ನಕಲು ಮಾತ್ರ ಆಗಿರಬೇಕೆಂದು ನಾನು ಪ್ರತಿಪಾದಿಸುತ್ತಿದ್ದೇನೆ ಎಂದು ತಿಳಿಯಬಾರದು. ಕಣ್ಣಿಗೆ ಒಂದೇ ಸಲಕ್ಕೆ ಕಾಣದ್ದನ್ನು ಕಾಣಿಸುವ ಪ್ರಯೋಗಗಳಲ್ಲಿಯೇ ನನಗೆ ಹೆಚ್ಚು ಆಸಕ್ತಿ. ಶೆಟ್ಟಿಹಳ್ಳಿಯ ಚರ್ಚನ್ನು ತೆಗೆದುಕೊಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಕಟ್ಟಡ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೆ ನಡೆದುಹೋಗಬಹುದು. ಈ ಎರಡು ಕಾಲಗಳನ್ನು ಒಂದೇ ಚೌಕಟ್ಟಿನಲ್ಲಿ ತರುವುದು ನಾನೀಗ ಕೈಗೆತ್ತಿಕೊಂಡಿರುವ ಕೆಲಸ. ಎಡಗಡೆ ಒಣನೆಲ, ಬಲಗಡೆ ನೀರು, ನಡುವೆ ಒಂದೇ ಗೋಡೆ. ಎರಡೂ ಚಿತ್ರಗಳನ್ನು ಒಂದೇ ಜಾಗದಿಂದ, ಲೆನ್ಸಿನ ಒಂದೇ ಫೋಕಲ್ ಲೆಂಗ್ತಿನಲ್ಲಿ (ಒಂದೇ ಜೂಮಿನಲ್ಲಿ) ತೆಗೆಯದಿದ್ದರೆ ಕಮಾನುಗಳು ಒಂದರ ಮೇಲೊಂದು ಕೂರುವುದಿಲ್ಲ. ಬೇಸಿಗೆಯಲ್ಲಿ ಚೆನ್ನಾಗಿ ಕಾಣುವ ಜಾಗಗಳೆಲ್ಲ ಮಳೆಗಾಲದಲ್ಲಿ ನೀರಿನಡಿಗೆ ಹೋಗುವುದರಿಂದ ದಡದ ಎತ್ತರದಲ್ಲಿಯೇ ಗುರುತು ಮಾಡಿಕೊಳ್ಳಬೇಕು. ಬೆಳಕಿನ ದಿಕ್ಕು ಬೇರೆಯಾದರೆ ಮಾಸ್ಕಿನ ಅಂಚನ್ನು ಎಷ್ಟು ಮೆದುಗೊಳಿಸಿದರೂ ಜೋಡಣೆಯ ಗೆರೆ ಬಯಲಾಗುತ್ತದೆ. ಮೋಡದ ದಿನಗಳೇ ಇದಕ್ಕೆ ಅನುಕೂಲ. ದುಬಾರಿ ಸಾಫ್ಟ್‌ವೇರೇನೂ ಬೇಕಿಲ್ಲ. ಚಿತ್ರಗಳನ್ನು ಪದರಗಳಾಗಿ ಒಂದರ ಮೇಲೊಂದು ಇಡುವ ಲೇಯರ್ ಮತ್ತು ಮಾಸ್ಕ್ ಎರಡೂ ಉಚಿತವಾಗಿ ಸಿಗುವ ಗಿಂಪ್ ಎಂಬ ಸಾಫ್ಟ್‌ವೇರಿನಲ್ಲಿಯೇ ಇವೆ. ಇದನ್ನು ಪ್ರಕಟಿಸುವಾಗ ಎರಡು ಕಾಲದ ಚಿತ್ರಗಳ ಜೋಡಣೆ ಎಂದು ಕೆಳಗೆ ಬರೆಯುತ್ತೇನೆ. ಬರೆದರೆ ಮಜಾ ಹೋಗುತ್ತದೆ ಎನ್ನುವ ಗೆಳೆಯರಿದ್ದಾರೆ, ನನಗೆ ಹಾಗೆನಿಸಿಲ್ಲ.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಐ ಚಿತ್ರಗಳೇ ಸಾಕ್ಷಿ. ಹೊಯ್ಸಳೇಶ್ವರನ ಗರ್ಭಗುಡಿಗಳ ಮೇಲೆ ಇಂದು ಶಿಖರವಿಲ್ಲ. ಆದರೆ ವಾಟ್ಸಾಪಿನಲ್ಲಿ ಬರುವ "ಹಳೇಬೀಡಿನ ಅದ್ಭುತ ದೃಶ್ಯ"ಗಳಲ್ಲಿ ತಮಿಳುನಾಡಿನ ರಾಜಗೋಪುರದಂಥದ್ದೊಂದು ಎದ್ದು ನಿಂತಿರುತ್ತದೆ, ನಮ್ಮ ಜಿಲ್ಲೆಯವರೇ ಅದಕ್ಕೆ ಕೈಮುಗಿದು ಮುಂದಕ್ಕೆ ಕಳಿಸುತ್ತಾರೆ. ಶಿಖರವನ್ನು ಕಲ್ಪಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಹಾಸನದ ಪಕ್ಕದಲ್ಲಿಯೇ ದೊಡ್ಡಗದ್ದವಳ್ಳಿಯ ಹೊಯ್ಸಳ ದೇವಾಲಯ ಇದೆ, ಕೋರವಂಗಲದಲ್ಲಿ 1173ರ ಬೂಚೇಶ್ವರ ದೇವಾಲಯ ಇದೆ, ಎರಡರಲ್ಲಿಯೂ ಶಿಖರಗಳು ಉಳಿದಿವೆ. ಅವುಗಳ ಚಿತ್ರ ತೆಗೆದು, ಅಳತೆಯ ಅನುಪಾತ ನೋಡಿಕೊಂಡು, "ಹೀಗಿದ್ದಿರಬಹುದು" ಎಂಬ ಬರಹದೊಂದಿಗೆ ಹಳೇಬೀಡಿನ ಮೇಲೆ ಕೂರಿಸಿ ನೋಡುವುದು ಸೊಗಸಾದ ಕೆಲಸವೇ ಸರಿ. ಯಾರಾದರೂ ಮುಂದೆ ಬಂದರೆ ಜೊತೆಗೂಡಲು ನಾನು ಸಿದ್ಧ.

ನಮ್ಮ ಜಿಲ್ಲೆಗಳಲ್ಲಿ ಛಾಯಾಚಿತ್ರ ಸ್ಪರ್ಧೆ ಏರ್ಪಡಿಸುವವರಲ್ಲಿ ಒಂದು ವಿನಂತಿ. ಸುದ್ದಿ ಛಾಯಾಗ್ರಾಹಕರ ಅಂತರರಾಷ್ಟ್ರೀಯ ಸ್ಪರ್ಧೆಯಾದ ವರ್ಲ್ಡ್ ಪ್ರೆಸ್ ಫೋಟೊದಲ್ಲಿ ಕೊನೆಯ ಸುತ್ತುಗಳಿಗೆ ಬಂದವರಿಂದ ಮೂಲ ಫೈಲನ್ನು ತರಿಸಿಕೊಂಡು ಹೋಲಿಸಿ ನೋಡುತ್ತಾರೆ. 2015ರಲ್ಲಿ ಕೊನೆಯದರ ಹಿಂದಿನ ಸುತ್ತು ತಲುಪಿದ್ದ ಚಿತ್ರಗಳಲ್ಲಿ ಶೇ. 20ರಷ್ಟು ಹೀಗೆಯೇ ಹೊರಬಿದ್ದವು. ನೀವೂ ಬಹುಮಾನಕ್ಕೆ ಆಯ್ಕೆಯಾದವರಿಂದ ಮೂಲ ಫೈಲನ್ನು ಕೇಳಿ. ಜೊತೆಗೆ, ಜೋಡಣೆ ಮತ್ತು ಕಲ್ಪನೆಯ ಚಿತ್ರಗಳಿಗೆಂದು ಬೇರೆಯೇ ವಿಭಾಗವೊಂದನ್ನು ತೆರೆಯಿರಿ. ಈಗ ಅಂಥ ಕೆಲಸ ಮಾಡುವ ಹುಡುಗ ಹುಡುಗಿಯರು ನಿಸರ್ಗ ವಿಭಾಗಕ್ಕೆ ಚಿತ್ರ ಕಳಿಸಿ, ಸತ್ಯವನ್ನು ಮುಚ್ಚಿಡಬೇಕಾದ ಪರಿಸ್ಥಿತಿ ಇದೆ.