ಹಲಸಿನ ಮರದ ಹತ್ತಿರ ಇಳಿಯಿರಿ

ಧಾರವಾಡದ ನನ್ನ ಷಡ್ಡಕರು ಯಾರದೋ ಮದುವೆ ದಿಬ್ಬಣದ ಕಾರು ಹಿಡಿದು ಮಂಗಳೂರಿಗೆ ಬಂದಿಳಿದು, ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದರು. "ನೀವು ಹೇಳಿದ ಹಲಸಿನ ಮರ ಎಲ್ಲೂ ಕಾಣವಲ್ದಲ್ರೀ?"

"ಹಾಂ, ಹಾಗಾದರೆ ಸರಿಯಾಗಿಯೇ ಬಂದಿದ್ದೀರಿ. ಅಲ್ಲೇ ನಿಲ್ಲಿ, ಬಂದೆ."

ಅವರಿಗೆ ಅರ್ಥವಾಗಲಿಲ್ಲ. ರಸ್ತೆ ಅಗಲ ಮಾಡುವಾಗ ಆ ಮರ ಕಡಿದು ಆರು ವರ್ಷವಾಯಿತು. ಬಸ್ಸು ಮಾತ್ರ ಈಗಲೂ "ಹಲಸಿನ ಮರ ಯಾರು, ಹಲಸಿನ ಮರ" ಎಂದು ಕೂಗಿಯೇ ನಿಲ್ಲುತ್ತದೆ, ನಾವೂ ಇಳಿಯುತ್ತೇವೆ. ನಿವೃತ್ತ ಗಣಿತ ಮಾಸ್ತರರಿಗೆ ಇದನ್ನೆಲ್ಲ ರಸ್ತೆ ಬದಿಯಲ್ಲಿ ನಿಂತು ವಿವರಿಸುವುದು ಹೇಗೆ? ಮನೆಗೆ ಕರೆತಂದು ನೀರುದೋಸೆ ಹಾಕಿಸಿದೆ. ಅವರು ಕೈ ತೊಳೆದವರೇ ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ಊರು ನೋಡಲು ಎರಡು ದಿನ ಇಟ್ಟುಕೊಂಡಿದ್ದಾರಂತೆ. ನೋಡಿದ್ದಕ್ಕೆ ಸರಿ ಗುರುತು, ನೋಡದ್ದಕ್ಕೆ ತಪ್ಪು ಗುರುತು.

ಮೊದಲ ತೊಂದರೆ ಸಿಟಿ ಬಸ್ಸಿನಲ್ಲೇ ಶುರುವಾಯಿತು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ಜೋತುಬಿದ್ದು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಬಲೆ ಬಲೆ" ಎಂದು ತುಳುವಿನಲ್ಲಿ ಜನರನ್ನು ಕರೆಯುತ್ತಿದ್ದ. ಷಡ್ಡಕರು ನನ್ನ ಕಿವಿಯಲ್ಲಿ, "ಇವತ್ತ ರವಿವಾರ. ಬ್ಯಾಂಕಿಗೆ ಯಾಕ ಇಷ್ಟ್ ಮಂದಿ ಹೊಂಟಾರ?" ಎಂದರು. ಬ್ಯಾಂಕಿಗಲ್ಲ ಭಾವ, ನಮ್ಮಲ್ಲಿ ಬಸ್‌ಸ್ಟ್ಯಾಂಡಿಗೆ ಹಾಗೆ ಹೇಳುವುದು ಎಂದೆ. ಅವರು ನೋಟ್‌ಬುಕ್ಕಿನಲ್ಲಿ ಏನೋ ಗೀಚಿದರು.

ಪಂಪ್‌ವೆಲ್ ಬಂತು. "ಪಂಪ್ ಎಲ್ಲೈತಿ?" ಇಲ್ಲ. "ಬಾವಿ?" ಅದೂ ಇಲ್ಲ. ಸರಕಾರಿ ದಾಖಲೆಯಲ್ಲಿ ಇದು ಮಹಾವೀರ ವೃತ್ತ ಎಂದೆ. "ಹಂಗಾರ ವೃತ್ತ?" ವೃತ್ತದ ನಡುವೆ ದೊಡ್ಡದೊಂದು ಕಲಶ ಇತ್ತು, ಫ್ಲೈಓವರ್ ಕಟ್ಟಲಿಕ್ಕೆ ಅದನ್ನೂ ಎಬ್ಬಿಸಿದರು. ಉಳಿದದ್ದು ಫ್ಲೈಓವರ್ ಒಂದೇ. ಅದರ ಕತೆ ಕೇಳಿ ಮಾರಾಯ್ರೇ. ಹತ್ತು ವರ್ಷದ ಹತ್ತಿರ ಎಳೆದು, 2020ರ ಜನವರಿ 31ರಂದು ಬಾಗಿಲು ತೆರೆಯಿತು. ಅದು ಇಲ್ಲದಿದ್ದಾಗ ಇದ್ದಷ್ಟು ಹೆಸರು ಆದ ಮೇಲೆ ಬರಲಿಲ್ಲ. ಕಂಬಗಳು ಮಾತ್ರ ನಿಂತಿದ್ದ ಕಾಲದಲ್ಲಿ ಟ್ರೋಲ್ ಪೇಜಿನ ಹುಡುಗರಿಗೆ ಅದೇ ಅನ್ನ. ಮುತ್ತಜ್ಜ ಶಂಕುಸ್ಥಾಪನೆ ನೋಡಿದ್ದರಂತೆ, ಮರಿಮಗ ಉದ್ಘಾಟನೆ ನೋಡುತ್ತಾನಂತೆ ಎಂಬ ಧಾಟಿಯ ಜೋಕುಗಳು ಗಲ್ಫಿನವರೆಗೂ ಹೋಗಿ ತಿರುಗಿ ನಮ್ಮ ಮೊಬೈಲಿಗೇ ಬರುತ್ತಿದ್ದವು. ಮುಗಿದದ್ದೇ ಮುಗಿದದ್ದು, ಈಗ ಅದರ ಮೇಲೆ ಹೋಗುವವರು ಯಾರೂ ತಲೆ ಎತ್ತಿ ಸಹ ನೋಡುವುದಿಲ್ಲ. ಮಳೆಗಾಲದಲ್ಲಿ ಕೆಳಗೆ ನೀರು ನಿಂತಾಗ ಮಾತ್ರ, ಓಹೋ, ಇಲ್ಲಿ ಬಾವಿ ಇದ್ದದ್ದು ಸತ್ಯವೇ ಅಂತ ಒಮ್ಮೆ ಅನ್ನಿಸುತ್ತದೆ.

ಮುಂದೆ ಜ್ಯೋತಿ ಸ್ಟಾಪು. ಟಾಕೀಸಿನಲ್ಲಿ ಸಿನಿಮಾ ನಿಂತು ವರ್ಷಗಳಾದವು, ವೃತ್ತಕ್ಕೆ ಅಂಬೇಡ್ಕರರ ಹೆಸರಿದೆ, ಕಂಡಕ್ಟರನ ಬಾಯಲ್ಲಿ ಜ್ಯೋತಿ ಆರಿಲ್ಲ. ಷಡ್ಡಕರು ಈಗ ಕೇಳುವುದನ್ನೇ ಬಿಟ್ಟು ನೇರ ತಪ್ಪು ಗುರುತು ಹಾಕಿದರು.

ಹಂಪನಕಟ್ಟೆಯಲ್ಲಿ ಇಳಿದೆವು. ಅಪ್ಪಣ್ಣ ಎಂಬಾತ ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ, ಅಪ್ಪಣ್ಣನ ಕಟ್ಟೆಯೇ ಬಾಯಿಂದ ಬಾಯಿಗೆ ಹಂಪನಕಟ್ಟೆಯಾಯಿತು ಅಂತ ಹಿರಿಯರು ಹೇಳುವುದುಂಟು. ಅಪ್ಪಣ್ಣ ಇಲ್ಲ, ಕಟ್ಟೆಯೂ ಇಲ್ಲ, ಸಿಗ್ನಲ್ ಉಂಟು. ಆದರೆ ಇಲ್ಲೊಂದು ವಿಚಿತ್ರ ನಡೆಯಿತು. ಕೆಲವು ವರ್ಷದ ಹಿಂದೆ ಸಿಗ್ನಲ್ ಹತ್ತಿರ ರಸ್ತೆ ಅಗೆಯುವಾಗ ಕೆಳಗೊಂದು ಹಳೇ ಬಾವಿ ಸಿಕ್ಕಿತು. ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕಿದರು. "ಅಂದ್ರ ಬಾವಿ ಅಂತ ಹೆಸರಿದ್ದಲ್ಲಿ ಬಾವಿ ಇಲ್ಲ. ಹೆಸರಿಲ್ಲದಲ್ಲಿ ಬಾವಿ ಐತಿ."

ಅಲ್ಲಿಂದ ನಡೆದು ಕ್ಲಾಕ್ ಟವರ್. ಇದರ ಎದುರು ನನಗೇ ಸ್ವಲ್ಪ ನಾಚಿಕೆಯಾಯಿತು. ಯಾಕೆಂದರೆ ಇದು ಇತ್ತು. ಹಳೇ ಗಡಿಯಾರ ಗೋಪುರವನ್ನು ತೊಂಬತ್ತರ ದಶಕದಲ್ಲಿ ವಾಹನಗಳಿಗೆ ಅಡ್ಡವಾಗುತ್ತದೆ ಅಂತ ಕೆಡವಿದ್ದರು. ಆಮೇಲೆ ಕಾಲು ಶತಮಾನ ನಾವು ಅದರ ಹತ್ತಿರವೇ ಬದುಕಿದೆವು. "ಕ್ಲಾಕ್ ಟವರ್ ಹತ್ತಿರ ಸಿಗ್ತೇನೆ" ಅಂದರೆ ಒಬ್ಬನೂ ದಾರಿ ತಪ್ಪಿದ್ದಿಲ್ಲ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಸ್ಮಾರ್ಟ್ ಆದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕೆಡವಿದ ಗೋಪುರವನ್ನು ಮತ್ತೆ ಕಟ್ಟಿದ್ದು. ಅಷ್ಟರಲ್ಲಿ ಊರಲ್ಲಿ ವಾಹನಗಳು ಕಡಿಮೆಯಾಗಿದ್ದವೋ ಏನೋ. ಈಗ ಗೋಪುರದ ಬುಡದಲ್ಲಿ ನಿಂತು ಒಬ್ಬ ಆಟೋದವರನ್ನು ಕ್ಲಾಕ್ ಟವರ್ ಎಲ್ಲಿ ಅಂತ ಪರೀಕ್ಷೆಗೆಂದೇ ಕೇಳಿದೆ. "ಹಳೇದಾ ಹೊಸದಾ?" ಎಂದರು. ಹಳೇದು. "ಹಳೇದು ಇಲ್ಲೇ. ಈಗ ಇಲ್ಲ."

ಮಾಸ್ತರರು ಗೋಪುರದ ಗಡಿಯಾರ ನೋಡಿದರು, ಕಿಸೆಯಿಂದ ಮೊಬೈಲ್ ತೆಗೆದು ತಾಳೆ ನೋಡಿದರು, ಆಮೇಲೆ ಮೊಬೈಲಿನ ಸಮಯವನ್ನು ಬರೆದುಕೊಂಡರು. ಊರಿಡೀ ಜನ ಮಾಡುವುದೂ ಅದನ್ನೇ.

ಬಾವುಟಗುಡ್ಡೆ ಹತ್ತುವಾಗ ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೆ. 1837ರ ಅಮರ ಸುಳ್ಯ ದಂಗೆಯಲ್ಲಿ ನಮ್ಮ ರೈತರು ಕಂಪನಿಯ ಬಾವುಟ ಇಳಿಸಿ ತಮ್ಮದು ಹಾರಿಸಿ ಹದಿಮೂರು ದಿನ ಮಂಗಳೂರು ಆಳಿದರು, ಆ ಬಾವುಟ ಹಾರಿದ ಗುಡ್ಡೆಯೇ ಇದು ಅಂತ ಹೇಳಿದೆ. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಗೆ ಅವರು ಕೈಮುಗಿದರು. ಹದಿಮೂರು ದಿನದ ಬಾವುಟಕ್ಕೆ ಎರಡು ಶತಮಾನದ ಹೆಸರು. ಇದಕ್ಕೆ ಯಾವ ಗುರುತು ಹಾಕುವುದೆಂದು ತುಂಬಾ ಹೊತ್ತು ಯೋಚಿಸಿ ಕೊನೆಗೆ ಸರಿ ಎಂದೇ ಹಾಕಿದರು. ಪಕ್ಕದ ಲೈಟ್‌ಹೌಸ್ ಹಡಗಿಗೆ ದಾರಿ ತೋರಿಸುವುದನ್ನು ಬಿಟ್ಟು ಯಾವ ಕಾಲವಾಯಿತೋ. ಇಂಗ್ಲಿಷಿನಲ್ಲಿ ಈ ಗುಡ್ಡೆಗೆ ಅದರದೇ ಹೆಸರು.

ಹಡಗು ಅಂದಾಗ ನೆನಪಾಯಿತು. ಚಳಿಗಾಲದಲ್ಲಿ ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬರುತ್ತದೆ. ಟೋಪಿ ಹಾಕಿದ ವಿದೇಶಿ ಅಜ್ಜ ಅಜ್ಜಿಯರು ಬಸ್ಸಿನಲ್ಲಿ ಬಂದು ಅರ್ಧ ದಿನದಲ್ಲಿ ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲಿನ ಗೋಡೆಚಿತ್ರ, ಗೇರುಬೀಜದ ಕಾರ್ಖಾನೆ, ಮೀನು ಮಾರ್ಕೆಟ್ಟು ಎಲ್ಲ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಅವರಿಗೆ ಕಂಡದ್ದೆಲ್ಲ ಇದ್ದದ್ದೇ. ಐವತ್ತು ವರ್ಷದಿಂದ ಇಲ್ಲೇ ಇರುವ ನಾನು ಆ ಚಾಪೆಲಿನ ಒಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಜೋರು ಮಳೆ ಬಂತು ಅಂತ. ತಲೆ ಎತ್ತಿದರೆ ಇಡೀ ಮಾಡು, ಗೋಡೆ ಎಲ್ಲ ಚಿತ್ರ. ಇಟಲಿಯಿಂದ ಬಂದ ಮೋಸ್ಕೆನಿ ಎಂಬ ಜೆಸ್ವಿಟ್ ಸಹೋದರ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಬಿಡಿಸಿದ್ದಂತೆ. ಮಳೆ ಬಿಟ್ಟ ಮೇಲೂ ಅರ್ಧ ಗಂಟೆ ನಿಂತಿದ್ದೆ. ಷಡ್ಡಕರಿಗೆ ಇದನ್ನು ಹೇಳಲಿಲ್ಲ. ಮರ್ಯಾದೆ ಪ್ರಶ್ನೆ.

ಎರಡನೇ ದಿನ ಕದ್ರಿಯಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರನನ್ನು ತೋರಿಸಿದೆ. "ಇದೇ ಜಾಗದಾಗ ಐತೇನ್ರೀ ಮೊದಲಿಂದ?" ಎಂದು ಅನುಮಾನದಿಂದ ಕೇಳಿದರು. ಪಾಪ, ಒಂದೇ ದಿನದಲ್ಲಿ ಅವರಿಗೆ ಹಾಗಾಗಿತ್ತು.

ಬೋಳೂರಿನ ಸುಲ್ತಾನ್ ಬತ್ತೇರಿಗೆ ಬಂದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ. ಗುರುಪುರ ನದಿಗೆ ಶತ್ರು ಹಡಗು ನುಗ್ಗಬಾರದೆಂದು ಕರಿಕಲ್ಲಿನಲ್ಲಿ ಕಟ್ಟಿದ್ದು. ಬತ್ತೇರಿ ಎಂದರೆ ಇಂಗ್ಲಿಷಿನ ಬ್ಯಾಟರಿ, ಅಂದರೆ ತೋಪುಗಳ ಸಾಲು. ತೋಪಿಲ್ಲ, ಶತ್ರು ಇಲ್ಲ. ಮಾಸ್ತರರು ಕಲ್ಲನ್ನು ಕೈಯಿಂದ ತಟ್ಟಿ ನೋಡಿ, "ಇದನ್ನ ಸ್ಮಾರ್ಟ್ ಮಾಡಿಲ್ಲೇನು? ಅದಕ್ಕ ನಿಂತೈತಿ," ಎಂದರು. ಎದುರು ದಡಕ್ಕೆ ದೋಣಿ ಹತ್ತಿದೆವು. ಆಚೆ ತಣ್ಣೀರುಬಾವಿ. ಹೆಸರು ಕೇಳಿದ್ದೇ ಅವರು ನನ್ನ ಮುಖ ನೋಡಿದರು.

"ಬಾವಿ ಕೇಳಬೇಡಿ ಭಾವ. ಸಮುದ್ರ ಉಂಟು."

"ಉಂಟು" ಅನ್ನುವಾಗ ನನಗೊಂದು ಯೋಚನೆ ಬಂತು. ಊರಿನ ಕನ್ನಡ ಅಂದರೆ ಉಂಟು ಅಂತ ಘಟ್ಟದ ಮೇಲಿನವರು ತಮಾಷೆ ಮಾಡುತ್ತಾರಲ್ಲ? ಆದರೆ ನಮ್ಮ ಪ್ರವಾಸಿ ಕರಪತ್ರ ಬರೆಯಲಿಕ್ಕೆ ಆ ಪದ ಬೇಕಾಗಿಯೇ ಇಲ್ಲ. "ಇತ್ತು", "ಬರಲಿದೆ", ಇವೆರಡರಲ್ಲೇ ಸುಧಾರಿಸಬಹುದು. ವರ್ತಮಾನಕಾಲದಲ್ಲಿ ಇರುವುದು "ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ" ಎಂಬ ಬೋರ್ಡು ಮಾತ್ರ. ನೀರಿನ ಪೈಪಿಗೆ ಒಮ್ಮೆ, ಗ್ಯಾಸಿನ ಪೈಪಿಗೆ ಒಮ್ಮೆ, ಕೇಬಲಿಗೆ ಒಮ್ಮೆ ಅಗೆದು ಮುಚ್ಚುವ ರಸ್ತೆಯ ಪಕ್ಕ ಆ ಬೋರ್ಡು ಬೇರು ಬಿಟ್ಟು ಕೂತಿರುತ್ತದೆ. ನಾಳೆ ಯಾವುದಾದರೂ ಸ್ಟಾಪಿಗೆ "ಕಾಮಗಾರಿ" ಅಂತಲೇ ಹೆಸರು ಬಿದ್ದರೆ ಆಶ್ಚರ್ಯವಿಲ್ಲ. "ಕಾಮಗಾರಿ ಯಾರು, ಇಳಿಯಿರಿ."

ಸಂಜೆ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸಿದೆ. ಹೆಸರಿನಲ್ಲಿ ಗಡಿಬಿಡಿ, ಉದ್ದದ ಗ್ಲಾಸಿನ ತಳದ ಹಣ್ಣಿನ ತುಂಡಿಗೆ ಚಮಚ ಮುಟ್ಟಿಸಲಿಕ್ಕೆ ಇಪ್ಪತ್ತು ನಿಮಿಷ. ಇದಕ್ಕೆ ಮಾತ್ರ ಅವರು ಎರಡು ಸರಿ ಗುರುತು ಹಾಕಿದರು.

ರಾತ್ರಿ ಊಟದ ಹೊತ್ತಿಗೆ ನನ್ನಾಕೆ, "ಎಂತೆಲ್ಲ ನೋಡಿದ್ರಿ ಭಾವ?" ಎಂದು ಕೇಳಿದಳು. ಅವರು ನೋಟ್‌ಬುಕ್ ತೆರೆದು, "ನೋಡಿದ್ದು ಕಡಿಮಿ. ಆದ್ರ ಎಲ್ಲ ಎಲ್ಲೆಲ್ಲಿ ಇತ್ತು ಅಂತ ಪಕ್ಕಾ ಗೊತ್ತಾತು ನೋಡವಾ" ಎಂದರು.

ಹತ್ತು ಗಂಟೆಗೆ ಧಾರವಾಡದ ಬಸ್ಸು. ಆಟೋದವರು ಫೋನ್ ಮಾಡಿ ಎಲ್ಲಿಗೆ ಬರಬೇಕು ಎಂದು ಕೇಳಿದರು. ನಾನು ಚೀಲ ಎತ್ತುತ್ತಿದ್ದೆ, ಷಡ್ಡಕರೇ ಫೋನ್ ತೆಗೆದುಕೊಂಡರು.

"ಹಲಸಿನ ಮರದ ಹತ್ರ ಬರ್ರಿ."

ಆಟೋ ಎರಡೇ ನಿಮಿಷದಲ್ಲಿ ಬಂದು ಸರಿಯಾಗಿ ಅಲ್ಲೇ ನಿಂತಿತು.